ಒಂದು ಕಪ್ ಅಂದ್ರೆ ಎಷ್ಟು ಗ್ರಾಂ?

ಪ್ರಶ್ನೆ: ಅಕ್ಕಾ, ತೀರ್ಥಹಳ್ಳಿ ಹತ್ತಿರದ ಹಳ್ಳಿಯಿಂದ ಬರೀತಿದ್ದೇನೆ. ಈಚೆಗೆ ಮನೆಯಲ್ಲೇ ಕೇಕ್ ಮಾಡಿ ಸುತ್ತಮುತ್ತಲಿನವರಿಗೆ ಕೊಡ್ತಿದ್ದೇನೆ. ಒಂದು ರೆಸಿಪಿಯಲ್ಲಿ ಒಂದೂವರೆ ಕಪ್ ಮೈದಾ, ಒಂದು ಕಪ್ ಸಕ್ಕರೆ, ಅರ್ಧ ಕಪ್ ಎಣ್ಣೆ, ಮುಕ್ಕಾಲು ಕಪ್ ಹಾಲು ಅಂತ ಇತ್ತು. ಹೊಸದಾಗಿ ತೂಕದ ಸ್ಕೇಲ್ ತಗೊಂಡಿದ್ದೆ, ಒಂದು ಕಪ್ ಅಂದ್ರೆ 240 ಅಂತ ಎಲ್ಲೋ ಓದಿದ್ದೆ. ಹಾಗಾಗಿ ಮೈದಾ 360 ಗ್ರಾಂ, ಸಕ್ಕರೆ 240 ಗ್ರಾಂ ತೂಗಿ ಹಾಕಿದೆ. ಹಿಟ್ಟು ತಿರುವೋಕೇ ಬರಲಿಲ್ಲ, ಕೇಕ್ ಒಣಗಿ ಮೇಲೆಲ್ಲ ಬಿರುಕು ಬಿಟ್ಟಿತು. ಮಳೆಗಾಲದ ತೇವಕ್ಕೆ ಹೀಗಾಯ್ತು ಅಂತ ಅತ್ತೆ ಹೇಳ್ತಾರೆ. ಒಂದು ಕಪ್‌ಗೆ ಸರಿಯಾಗಿ ಎಷ್ಟು ಗ್ರಾಂ? ಸಕ್ಕರೆ ಬದಲು ಪಾಕದ ಥರ ಇರೋ ಜೋನಿ ಬೆಲ್ಲ ಹಾಕಿದ್ರೆ ಲೆಕ್ಕ ಹೇಗೆ? ಗ್ರಾಂನಲ್ಲಿರೋ ರೆಸಿಪಿಯನ್ನ ಅತ್ತೆಗೆ ಕಪ್‌ನಲ್ಲಿ ಹೇಗೆ ಹೇಳಲಿ?

ಉತ್ತರ: ನಿಮ್ಮ ಸ್ಕೇಲ್‌ನಲ್ಲಿ ತಪ್ಪಿಲ್ಲ, ಮಳೆಯದ್ದೂ ತಪ್ಪಿಲ್ಲ. ಎಡವಟ್ಟಾಗಿದ್ದು ಆ 240ರಲ್ಲಿ. ಅದು ಮಿಲಿಲೀಟರ್ ಲೆಕ್ಕ. ಕಪ್ಪಿನ ಒಳಗೆ ಎಷ್ಟು ಜಾಗ ಇದೆ ಅನ್ನೋದನ್ನ ಅದು ಹೇಳುತ್ತೆ, ಆ ಜಾಗದಲ್ಲಿ ತುಂಬಿದ ಸಾಮಾನಿನ ತೂಕವನ್ನಲ್ಲ. ನೀರಿಗೆ ಮಾತ್ರ ಎರಡೂ ಒಂದೇ ಆಗುತ್ತೆ: 240 ಮಿಲಿ ನೀರು ತೂಗಿದರೆ 240 ಗ್ರಾಂ. ಹಾಲು, ಮೊಸರು ಅದರ ಹತ್ತಿರಕ್ಕೇ ಬರುತ್ತವೆ. ಮೈದಾ ಬರಲ್ಲ. ಒಂದು ಕಪ್ ಮೈದಾ ಸುಮಾರು 120 ಗ್ರಾಂ ಅಷ್ಟೇ. ಅಂದ್ರೆ ನಿಮ್ಮ ಒಂದೂವರೆ ಕಪ್‌ಗೆ 180 ಗ್ರಾಂ ಹಾಕಬೇಕಿತ್ತು, ನೀವು ಹಾಕಿದ್ದು 360. ಸರಿಯಾಗಿ ಎರಡು ಪಟ್ಟು! ಹಾಲು, ಎಣ್ಣೆ ಮಾತ್ರ ಒಂದು ಪಟ್ಟೇ ಇದ್ದವು. ಆ ಹಿಟ್ಟು ಹೇಗೆ ತಾನೇ ತಿರುವೋಕೆ ಬರುತ್ತೆ? ಸಕ್ಕರೆ ಕೂಡ 200 ಗ್ರಾಂ ಆಗಬೇಕಿತ್ತು, 40 ಗ್ರಾಂ ಜಾಸ್ತಿ ಬಿದ್ದಿದೆ.

ನಮ್ಮ ಕಡೆ ಇದು ಹೊಸ ವಿಷಯವೇನಲ್ಲ. ಒಂದು ಸೇರು ಅಕ್ಕಿ, ಒಂದು ಸೇರು ಅವಲಕ್ಕಿ ಎರಡನ್ನೂ ಕೈಯಲ್ಲಿ ಎತ್ತಿ ನೋಡಿದ ಯಾರೂ ಅವೆರಡರ ತೂಕ ಒಂದೇ ಅನ್ನಲ್ಲ, ಅಲ್ವಾ? ಕಪ್ ಕೂಡ ಅಳೆಯೋ ಪಾತ್ರೆಯೇ. ಅದಕ್ಕೇ "ಒಂದು ಕಪ್‌ಗೆ ಎಷ್ಟು ಗ್ರಾಂ" ಅಂತ ಕೇಳಿದರೆ "ಯಾವ ಸಾಮಾನಿನ ಕಪ್" ಅಂತ ತಿರುಗಿ ಕೇಳಬೇಕಾಗುತ್ತೆ. ಮೈದಾ ಆದರೆ ಇನ್ನೂ ಎರಡು ಪ್ರಶ್ನೆ ಕೇಳಬೇಕು: ಯಾರ ಕಪ್, ತುಂಬಿದ್ದು ಹೇಗೆ.

ಯಾರ ಕಪ್ ಅನ್ನೋದನ್ನ ಬೇಗ ಮುಗಿಸೋಣ. ಅಮೆರಿಕದವರ ಕಪ್ ಸುಮಾರು 237 ಮಿಲಿ, ಅವರ ಆಹಾರದ ಪ್ಯಾಕೆಟ್‌ಗಳ ಮೇಲೆ ಲೆಕ್ಕಕ್ಕೆ ಹಿಡಿಯೋದು 240. ಆಸ್ಟ್ರೇಲಿಯಾದವರದ್ದು 250. ಜಪಾನಿನದ್ದು 200. ನಮ್ಮಲ್ಲಿ ಅಂಗಡಿಯಲ್ಲಿ ಸಿಗೋ ಅಳತೆ ಕಪ್‌ಗಳಲ್ಲಿ 240 ಮಿಲಿಯದ್ದೂ ಇದೆ, 250ರದ್ದೂ ಇದೆ. ಹಿಡಿಯ ಮೇಲೋ ತಳದಲ್ಲೋ ಬರೆದಿರುತ್ತೆ ನೋಡಿ. ಬರೆದಿಲ್ಲ ಅಂದ್ರೂ ನಿಮ್ಮ ಹತ್ತಿರ ಸ್ಕೇಲ್ ಇದೆಯಲ್ಲ: ಖಾಲಿ ಕಪ್ ಇಟ್ಟು ಸೊನ್ನೆ ಮಾಡಿ, ಅಂಚಿನವರೆಗೆ ನೀರು ತುಂಬಿ. ಎಷ್ಟು ಗ್ರಾಂ ತೋರಿಸುತ್ತೋ ನಿಮ್ಮ ಕಪ್ ಅಷ್ಟು ಮಿಲಿ. 240 ಮತ್ತು 250ರ ನಡುವಿನ ವ್ಯತ್ಯಾಸ ನೂರಕ್ಕೆ ನಾಲ್ಕು, ಅದಕ್ಕೆ ತಲೆ ಕೆಡಿಸಿಕೊಳ್ಳೋದು ಬೇಡ. ಇಡೀ ರೆಸಿಪಿ ಕಪ್‌ನಲ್ಲೇ ಇದ್ದು, ಎಲ್ಲವನ್ನೂ ಒಂದೇ ಕಪ್‌ನಲ್ಲಿ ಅಳೆದರೆ ಕಪ್ ಸ್ವಲ್ಪ ಚಿಕ್ಕದಾದರೂ ದೊಡ್ಡದಾದರೂ ಪ್ರಮಾಣ ಕೆಡಲ್ಲ. ತೊಂದರೆ ಬರೋದು ಮೈದಾಕ್ಕೆ ಕಾಫಿ ಲೋಟ, ಹಾಲಿಗೆ ಅಳತೆ ಕಪ್ ಹೀಗೆ ಬೆರಕೆ ಮಾಡಿದಾಗ, ಇಲ್ಲವೇ ಅದೇ ರೆಸಿಪಿಯಲ್ಲಿ ಮೊಟ್ಟೆ ಎರಡು, ಬೆಣ್ಣೆ ನೂರು ಗ್ರಾಂ ಅಂತಲೂ ಬರೆದಿದ್ದಾಗ.

ಇನ್ನು ತುಂಬೋದು. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳ್ತೇನೆ, ಏಕೆಂದರೆ ಮನೆಯಲ್ಲಿ ಮಾಡಿದ ಕೇಕ್ ಒಂದು ದಿನ ಚೆನ್ನಾಗಿ ಬಂದು ಇನ್ನೊಂದು ದಿನ ಕೈ ಕೊಡೋಕೆ ಬಹಳ ಸಲ ಇದೇ ಕಾರಣ. ಇವತ್ತು ಸಂಜೆ ನಿಮ್ಮ ಮೈದಾ ಡಬ್ಬಿ ತಗೊಂಡು ಕೂತು ನೀವೇ ಮಾಡಿ ನೋಡಿ. ಮೊದಲು ಕಪ್ಪನ್ನೇ ಡಬ್ಬಿಯೊಳಗೆ ಅದ್ದಿ, ಬಗೆದು ತುಂಬಿ, ಚಾಕುವಿನ ಬೆನ್ನಿನಿಂದ ಮಟ್ಟಸ ಮಾಡಿ ತೂಗಿ. 140, 150 ಗ್ರಾಂ ಹತ್ತಿರ ಬರುತ್ತೆ. ಹಿಟ್ಟು ಡಬ್ಬಿಯೊಳಗೆ ಒತ್ತಿ ಕೂತಿರುತ್ತೆ, ಕಪ್ಪನ್ನ ತಳ್ಳಿದಾಗ ಇನ್ನೂ ಒತ್ತುತ್ತೆ. ಅದನ್ನ ವಾಪಸ್ ಸುರಿದು, ಡಬ್ಬಿಯ ಹಿಟ್ಟನ್ನ ಚಮಚದಿಂದ ನಾಲ್ಕು ಸಲ ಕೆದಕಿ ಸಡಿಲ ಮಾಡಿ. ಈಗ ಚಮಚದಲ್ಲಿ ಎತ್ತಿ ಎತ್ತಿ ಕಪ್‌ಗೆ ಹಾಕಿ, ಗೋಪುರದ ಹಾಗೆ ನಿಂತ ಮೇಲೆ ಒತ್ತದೆ ಕುಟ್ಟದೆ ಮಟ್ಟಸ ಮಾಡಿ. 120ರಿಂದ 125. ಮೂರನೇ ಸಲ ಕಪ್ಪಿನ ಮೇಲೇ ಜರಡಿ ಹಿಡಿದು ಉದುರಿಸಿ ಮಟ್ಟಸ ಮಾಡಿದರೆ ಅದಕ್ಕಿಂತಲೂ ಕಡಿಮೆ, 110ರ ಆಸುಪಾಸು. ಅದೇ ಮೈದಾ, ಅದೇ ಕಪ್, ಅದೇ ಕೈ. ಒಂದೂವರೆ ಕಪ್‌ಗೆ ಲೆಕ್ಕ ಹಾಕಿದರೆ ಒಂದು ಸಲ 165 ಗ್ರಾಂ, ಇನ್ನೊಂದು ಸಲ 225. ಹಾಲು ಮಾತ್ರ ಎರಡೂ ಸಲ ಮುಕ್ಕಾಲು ಕಪ್ಪೇ. ಮೊದಲನೆಯದು ಬೆಂದು ನಡುವೆ ಕುಸಿಯಬಹುದು, ಎರಡನೆಯದು ಗಟ್ಟಿಯಾಗಿ ಒಡೆಯುತ್ತೆ.

ಕಪ್‌ನಲ್ಲಿ ಅಳೆಯೋದು ಅಮೆರಿಕದ ಮನೆಗಳ ರೂಢಿ. 1896ರಲ್ಲಿ ಬಾಸ್ಟನ್‌ನ ಅಡುಗೆ ಶಾಲೆಯ ಫ್ಯಾನಿ ಫಾರ್ಮರ್ ತಮ್ಮ ಪುಸ್ತಕದಲ್ಲಿ ಮಟ್ಟಸ ಮಾಡಿದ ಕಪ್, ಮಟ್ಟಸ ಮಾಡಿದ ಚಮಚ ಅಂತ ಒತ್ತಿ ಹೇಳಿದ ಮೇಲೆ ಅದು ಗಟ್ಟಿಯಾಗಿ ನಿಂತಿತು. ಯುರೋಪಿನ ಹೆಚ್ಚಿನ ಕಡೆ ತೂಕವೇ ಬಳಕೆ. ನಮ್ಮ ಬೇಕರಿಯವರೂ ಮೈದಾವನ್ನ ತೂಗಿಯೇ ಹಾಕ್ತಾರೆ. ದುಡ್ಡು ತಗೊಂಡು ಕೇಕ್ ಕೊಡೋರು ತೂಕಕ್ಕೇ ಬರಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಈ ತಿಂಗಳು ಕೊಟ್ಟ ಕೇಕ್‌ನ ರುಚಿ ಮುಂದಿನ ತಿಂಗಳೂ ಹಾಗೇ ಇರಬೇಕಾದರೆ ಬೇರೆ ದಾರಿ ಇಲ್ಲ.

ಈಗ ನೀವು ಕೇಳಿದ ಅಂಕಿಗಳು. ಎಲ್ಲವೂ 240 ಮಿಲಿ ಕಪ್‌ಗೆ, ಚಮಚದಲ್ಲಿ ತುಂಬಿ ಮಟ್ಟಸ ಮಾಡಿದ್ದು. ಮೈದಾ 120. ಗೋಧಿ ಹಿಟ್ಟು ಕೂಡ ಹತ್ತಿರ ಹತ್ತಿರ ಅಷ್ಟೇ, ಬೀಸಿದ ನಯದ ಮೇಲೆ ಸ್ವಲ್ಪ ಆಚೀಚೆ ಆಗುತ್ತೆ. ಕಾರ್ನ್ ಫ್ಲೋರ್ 120ರಿಂದ 125. ರವೆ ಭಾರ, 165 ಅಂತ ಹಿಡಿಯಿರಿ. ಕೋಕೋ ಪುಡಿ ತುಂಬಾ ಹಗುರ, 85ರಿಂದ 100. ಹರಳು ಸಕ್ಕರೆ 200, ಪುಡಿ ಸಕ್ಕರೆ 115ರಿಂದ 120. ಇಲ್ಲಿ ತುಂಬಾ ಜನ ಮುಗ್ಗರಿಸ್ತಾರೆ. ಒಂದು ಕಪ್ ಸಕ್ಕರೆ ಅಂದಲ್ಲಿ ಒಂದು ಕಪ್ ಪುಡಿ ಸಕ್ಕರೆ ಹಾಕಿದರೆ ಸಿಹಿ ಅರ್ಧಕ್ಕೆ ಹತ್ತಿರ ಇಳಿದುಬಿಡುತ್ತೆ. ಸಕ್ಕರೆ ಅಳೆದು ಆಮೇಲೆ ಪುಡಿ ಮಾಡಿ, ಇಲ್ಲವೇ ಪುಡಿಯನ್ನೇ 200 ಗ್ರಾಂ ತೂಗಿ. ಅಡುಗೆ ಎಣ್ಣೆ 220, ತುಪ್ಪವೂ ಹಾಗೇ 215, 220. ಬೆಣ್ಣೆ 225ರಿಂದ 230. ಹಾಲು, ಮೊಸರು 245. ಮಿಲ್ಕ್‌ಮೇಡ್ ಥರದ ಗಟ್ಟಿ ಸಿಹಿ ಹಾಲು 305. ಜೇನುತುಪ್ಪ 340. ಒಣ ಕೊಬ್ಬರಿ ಪುಡಿ 80ರಿಂದ 90. ಹಸಿ ತೆಂಗಿನ ತುರಿ, ಹೆಚ್ಚಿದ ಗೋಡಂಬಿ, ಕಿವುಚಿದ ಬಾಳೆಹಣ್ಣು ಇವಕ್ಕೆಲ್ಲ ಅಂಕಿ ಹೇಳೋದು ಸುಮ್ನೆ. ತುರಿದ, ಹೆಚ್ಚಿದ ರೀತಿಯ ಮೇಲೆ ತೂಕ ಬದಲಾಗ್ತಾ ಇರುತ್ತೆ, ನಿಮ್ಮದನ್ನ ನೀವೇ ತೂಗಿ ಬರೆದಿಟ್ಟುಕೊಳ್ಳಿ.

ನಿಮ್ಮ ಕಪ್ 240 ಅಲ್ಲ, 200 ಮಿಲಿ ಅಂತಿಟ್ಟುಕೊಳ್ಳಿ. ಮೈದಾದ 120ನ್ನ 200ರಿಂದ ಗುಣಿಸಿ 240ರಿಂದ ಭಾಗಿಸಿದರೆ 100 ಗ್ರಾಂ. ಉಳಿದ ಎಲ್ಲದಕ್ಕೂ ಇದೇ ಲೆಕ್ಕ.

ಇಷ್ಟೆಲ್ಲ ತೂಕ ತೂಕ ಅಂದರೂ ಚಮಚದ ಸಾಮಾನನ್ನ ಮಾತ್ರ ಚಮಚದಲ್ಲೇ ಬಿಡಿ. ಒಂದು ಟೀ ಚಮಚ ಬೇಕಿಂಗ್ ಪೌಡರ್ ಸುಮಾರು 4 ಗ್ರಾಂ, ಅಡುಗೆ ಸೋಡಾ 5, ಪುಡಿ ಉಪ್ಪು 6, ಇನ್‌ಸ್ಟಂಟ್ ಯೀಸ್ಟ್ 3. ಮನೆ ಸ್ಕೇಲ್‌ಗಳು ಸಾಮಾನ್ಯವಾಗಿ ಒಂದೊಂದೇ ಗ್ರಾಂ ಎಣಿಸೋದು. ನಾಲ್ಕು ಗ್ರಾಂ ತೂಗುವಾಗ ಅರ್ಧ ಗ್ರಾಂ ಆಚೀಚೆ ಆದರೂ ಅದು ದೊಡ್ಡ ಪಾಲು. ಸೋಡಾ ಜಾಸ್ತಿಯಾದರೆ ಕೇಕ್‌ಗೆ ಸಾಬೂನಿನ ವಾಸನೆ ಬಂದುಬಿಡುತ್ತೆ. ಅಳತೆ ಚಮಚದಲ್ಲಿ ಟೀ ಚಮಚ ಅಂದ್ರೆ 5 ಮಿಲಿ, ಟೇಬಲ್ ಚಮಚ ಅಂದ್ರೆ 15 ಮಿಲಿ. ಆಸ್ಟ್ರೇಲಿಯಾದ ರೆಸಿಪಿಯಾದರೆ ಟೇಬಲ್ ಚಮಚ 20 ಮಿಲಿ, ಅದೊಂದು ನೆನಪಿರಲಿ. ಚಹಾ ತಿರುವೋ ಮನೆ ಚಮಚವನ್ನ ನಂಬಬೇಡಿ, ಒಂದೊಂದು ಒಂದೊಂದು ಆಳ ಇರುತ್ತೆ. ಮೆಡಿಕಲ್ ಶಾಪ್‌ನಲ್ಲಿ 5 ಮಿಲಿ ಸಿರಿಂಜ್ ಸಿಗುತ್ತಲ್ಲ, ಸೂಜಿ ಇಲ್ಲದೆ ಒಂದು ತಗೊಂಡು, ನೀರು ಎಳೆದು ನಿಮ್ಮ ಚಮಚಕ್ಕೆ ಬಿಡಿ. ಚಮಚ ಸರಿಯಾಗಿ ತುಂಬಿದರೆ ಅದೇ ನಿಮ್ಮ ಅಳತೆ ಚಮಚ. ಪ್ರಮಾಣಕ್ಕೆ ಒಂದು ಅಂದಾಜು ಬೇಕಿದ್ದರೆ: 120 ಗ್ರಾಂ ಮೈದಾಕ್ಕೆ ಒಂದು ಟೀ ಚಮಚ ಬೇಕಿಂಗ್ ಪೌಡರ್. ಮೊಸರೋ ಬೆಲ್ಲವೋ ಇದ್ದು ಸೋಡಾ ಹಾಕೋದಾದರೆ ಕಾಲು ಚಮಚ ಸಾಕು.

ಜೋನಿ ಬೆಲ್ಲದ ವಿಷಯ ಕೇಳಿದ್ದು ನನಗೆ ತುಂಬಾ ಖುಷಿಯಾಯ್ತು. ಆ ಬಣ್ಣ, ಆ ಪರಿಮಳ ಸಕ್ಕರೆ ಕೇಕ್‌ಗೆ ಬರೋದಿಲ್ಲ. ಆದರೆ ಕಪ್‌ಗೆ ಕಪ್ ಅಂತ ಹಾಕಿದರೆ ಕೆಡುತ್ತೆ. ಒಂದು ಕಪ್ ಸಕ್ಕರೆ 200 ಗ್ರಾಂ, ಒಂದು ಕಪ್ ಜೋನಿ ಬೆಲ್ಲ 320 ಗ್ರಾಂ ಆಸುಪಾಸು. ಅದರಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ನೀರೇ ಇರಬಹುದು. ಎಷ್ಟು ಅನ್ನೋದು ಆಲೆಮನೆಯಲ್ಲಿ ಯಾವ ಹದಕ್ಕೆ ಇಳಿಸಿದ್ದಾರೆ ಅನ್ನೋದರ ಮೇಲೆ ಹೋಗುತ್ತೆ. ನಿಮ್ಮ ರೆಸಿಪಿಗೆ ನಾನು ಹೇಳೋದು ಹೀಗೆ: 200 ಗ್ರಾಂ ಸಕ್ಕರೆ ಬಿಟ್ಟು 250 ಗ್ರಾಂ ಜೋನಿ ಬೆಲ್ಲ ಹಾಕಿ. ಮುಕ್ಕಾಲು ಕಪ್ ಹಾಲು ಅಂದ್ರೆ 185 ಗ್ರಾಂ ಇತ್ತಲ್ಲ, ಅದರಲ್ಲಿ 60 ಗ್ರಾಂ ಇಳಿಸಿ ಮೊದಲು 125 ಗ್ರಾಂ ಮಾತ್ರ ಹಾಕಿ. ಕಲಸಿದ ಮೇಲೆ ಹಿಟ್ಟು ಚಮಚದಿಂದ ದಪ್ಪ ಪಟ್ಟಿಯಾಗಿ ಇಳಿಯಬೇಕು. ಇಳಿಯದೆ ಮುದ್ದೆಯಾಗಿ ಬಿದ್ದರೆ ಒಂದೊಂದೇ ಚಮಚ ಹಾಲು ಸೇರಿಸಿ. ಡಬ್ಬಿಯಲ್ಲಿ ಬೆಲ್ಲದ ಕಾಳು ತಳಕ್ಕೆ ಕೂತು ಮೇಲೆ ನೀರಾಗಿ ನಿಂತಿದ್ದರೆ ಚೆನ್ನಾಗಿ ಕದಡಿಯೇ ತೂಗಿ. ಮೇಲಿನದಷ್ಟೇ ತಗೊಂಡರೆ ಇನ್ನೊಂದು ಲೆಕ್ಕವಾಗುತ್ತೆ. ಬೆಲ್ಲದ ಕೇಕ್ ಬೇಗ ಕೆಂಪಾಗುತ್ತೆ, ಉರಿ ಸ್ವಲ್ಪ ಕಡಿಮೆ ಇರಲಿ. ಅಚ್ಚು ಬೆಲ್ಲ ಹಾಕೋದಾದರೆ ಅಷ್ಟು ಕಷ್ಟ ಇಲ್ಲ. ತುರಿದು ಸಕ್ಕರೆಯಷ್ಟೇ ತೂಕ ಹಾಕಿ. ತುರಿಯನ್ನ ಕಪ್‌ನಲ್ಲಿ ಮಾತ್ರ ಅಳೆಯಬೇಡಿ, ಸಡಿಲ ಇದ್ದರೆ ಒಂದು, ಒತ್ತಿದರೆ ಇನ್ನೊಂದು.

ಬೆಣ್ಣೆ ಬದಲು ತುಪ್ಪ ಹಾಕೋರಿಗೂ ಒಂದು ಮಾತು. ಅಂಗಡಿ ಬೆಣ್ಣೆಯಲ್ಲಿ ಜಿಡ್ಡು ನೂರಕ್ಕೆ 80 ಭಾಗ, ಉಳಿದದ್ದರಲ್ಲಿ ಹೆಚ್ಚಿನದು ನೀರು. ತುಪ್ಪದಲ್ಲಿ ನೀರಿಲ್ಲ. ಹಾಗಾಗಿ 100 ಗ್ರಾಂ ಬೆಣ್ಣೆಗೆ 80, 85 ಗ್ರಾಂ ತುಪ್ಪ ಹಾಕಿ, ಜೊತೆಗೆ ಒಂದು ಟೇಬಲ್ ಚಮಚ ಹಾಲು. ಮನೆಯಲ್ಲಿ ಕಡೆದ ಬೆಣ್ಣೆಯಲ್ಲಿ ಮಜ್ಜಿಗೆ ಉಳಿದಿರುತ್ತೆ, ತಣ್ಣೀರಲ್ಲಿ ಎರಡು ಮೂರು ಸಲ ತೊಳೆದು, ಒತ್ತಿ ನೀರು ತೆಗೆದೇ ತೂಗಿ. ಮೊಟ್ಟೆ ಹಾಕೋದಾದರೆ, ವಿದೇಶಿ ರೆಸಿಪಿಗಳಲ್ಲಿ ಒಂದು ದೊಡ್ಡ ಮೊಟ್ಟೆ ಅಂದ್ರೆ ಸಿಪ್ಪೆ ಬಿಟ್ಟು 50 ಗ್ರಾಂ. ನಾಟಿ ಕೋಳಿ ಮೊಟ್ಟೆ ಅಷ್ಟು ತೂಗಲ್ಲ. ಮೂರು ಮೊಟ್ಟೆ ಅಂದಲ್ಲಿ ಒಡೆದು ಕಲಸಿ 150 ಗ್ರಾಂ ತೂಗಿ ಹಾಕಿ, ಅದು ನಾಲ್ಕು ಮೊಟ್ಟೆಯಾದರೂ ಆಗಲಿ.

ಅತ್ತೆ ಹೇಳಿದ ಮಳೆಗಾಲದ ಮಾತಿಗೆ ಬರೋಣ. ಅವರು ಹೇಳೋದರಲ್ಲಿ ಸತ್ಯ ಇದೆ. ಆಗುಂಬೆ, ತೀರ್ಥಹಳ್ಳಿ, ಹೊಸನಗರದ ಕಡೆ ಜುಲೈನಲ್ಲಿ ಉಪ್ಪು ನೀರಾಗುತ್ತೆ, ಪುಡಿ ಸಕ್ಕರೆ ಗಂಟು ಕಟ್ಟುತ್ತೆ, ಮೈದಾನೂ ತೇವ ಎಳೆಯುತ್ತೆ. ಆದರೆ ಎಷ್ಟು ಅಂತ ಲೆಕ್ಕ ಹಾಕಿ ನೋಡಿ. 180 ಗ್ರಾಂ ಮೈದಾ ನೂರಕ್ಕೆ ಎರಡು ಭಾಗ ತೇವ ಜಾಸ್ತಿ ಹೀರಿತು ಅಂತಾನೇ ಇಟ್ಟುಕೊಳ್ಳಿ, ಸುಮಾರು ನಾಲ್ಕು ಗ್ರಾಂ ನೀರು, ಒಂದು ಟೀ ಚಮಚವೂ ಇಲ್ಲ. ಕಪ್ ತುಂಬೋದರಲ್ಲಿ ಆಗೋ ವ್ಯತ್ಯಾಸ ಇದರ ಹತ್ತು ಪಟ್ಟಿಗಿಂತ ಜಾಸ್ತಿ. ಅದೂ ಅಲ್ಲದೆ ತೇವದ ಹಿಟ್ಟಿಗೆ ಕೇಕ್ ಮೆತ್ತಗಾಗುತ್ತೆ, ಒಣಗೋದಿಲ್ಲ. ನೀವು ಮಾಡಬೇಕಾದ್ದು ಇಷ್ಟೇ: ಮೈದಾವನ್ನ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ, ಮಳೆಗಾಲದಲ್ಲಿ ತೂಗಿದ ಮೇಲೆ ಜರಡಿ ಹಿಡಿಯಿರಿ, ಕೊನೆಯ ಒಂದು ಚಮಚ ಹಾಲನ್ನ ಹಿಟ್ಟಿನ ಹದ ನೋಡಿ ಹಾಕಿ.

ಸ್ಕೇಲ್ ಬಗ್ಗೆ ಎರಡು ಎಚ್ಚರಿಕೆ. ಅದರಲ್ಲಿ ಮಿಲಿ ಅಂತ ಒಂದು ಬಟನ್ ಇರುತ್ತೆ. ಅದು ಮೇಲಿಟ್ಟಿದ್ದನ್ನ ನೀರು ಅಂತಲೋ ಹಾಲು ಅಂತಲೋ ಅಂದುಕೊಂಡು ತೂಕವನ್ನೇ ಮಿಲಿಯಾಗಿ ತೋರಿಸೋದು, ಎಣ್ಣೆಗೂ ಬೆಲ್ಲಕ್ಕೂ ಆ ಲೆಕ್ಕ ಹೊಂದಲ್ಲ. ಯಾವಾಗಲೂ ಗ್ರಾಂನಲ್ಲೇ ಇಟ್ಟಿರಿ. ಇನ್ನೊಂದು, ಬ್ಯಾಟರಿ ಇಳಿದಾಗ ಸ್ಕೇಲ್ ಏನೇನೋ ತೋರಿಸೋಕೆ ಶುರು ಮಾಡುತ್ತೆ. ಆಗಾಗ ಒಂದು ನಂದಿನಿ ಅರ್ಧ ಲೀಟರ್ ಪ್ಯಾಕೆಟ್ ಇಟ್ಟು ನೋಡಿ, ಹಾಲು ನೀರಿಗಿಂತ ಒಂಚೂರು ಭಾರ ಇರೋದರಿಂದ ಕವರ್ ಸೇರಿ 515, 520 ಗ್ರಾಂ ಬರಬೇಕು. ಪ್ಯಾಕೆಟ್ ಮೇಲೆ ಎಷ್ಟು ಮಿಲಿ ಅಂತ ಬರೆದಿದೆ ಅಂತಲೂ ನೋಡಿಕೊಳ್ಳಿ. 2024ರ ಜೂನ್ ಕೊನೆಯಿಂದ ಕೆಲವು ತಿಂಗಳು ಅದೇ ಪ್ಯಾಕೆಟ್‌ನಲ್ಲಿ 550 ಮಿಲಿ ಬರ್ತಿತ್ತು, ನೆನಪಿದೆಯಲ್ಲ.

ಇನ್ನು ಮುಂದೆ ಕಪ್‌ನಲ್ಲಿರೋ ಹೊಸ ರೆಸಿಪಿ ಸಿಕ್ಕಾಗ ಹೀಗೆ ಮಾಡಿ. ದೊಡ್ಡ ಪಾತ್ರೆಯನ್ನ ಸ್ಕೇಲ್ ಮೇಲಿಟ್ಟು ಸೊನ್ನೆ ಮಾಡಿ, ಮೇಲೆ ಹೇಳಿದ ಅಂಕಿಯಂತೆ ಮೈದಾ ತೂಗಿ, ಮತ್ತೆ ಸೊನ್ನೆ ಮಾಡಿ ಸಕ್ಕರೆ, ಮತ್ತೆ ಸೊನ್ನೆ ಮಾಡಿ ಎಣ್ಣೆ. ಪ್ರತಿಯೊಂದನ್ನೂ ಪುಸ್ತಕದಲ್ಲಿ ಗ್ರಾಂನಲ್ಲಿ ಬರೆಯಿರಿ. ರೆಸಿಪಿ ಕೊಟ್ಟವರು ಕಪ್ಪನ್ನ ಡಬ್ಬಿಗೆ ಅದ್ದಿ ತುಂಬೋದು ವಿಡಿಯೋದಲ್ಲಿ ಕಂಡರೆ ಮೈದಾ 120ರ ಬದಲು 140 ಹಿಡಿಯಿರಿ. ಕೇಕ್ ಬಂದ ಮೇಲೆ ಒಣ ಅನ್ನಿಸಿದರೆ ಮುಂದಿನ ಸಲ ಮೈದಾ 10 ಗ್ರಾಂ ಇಳಿಸಿ, ಬೇರೆ ಏನನ್ನೂ ಮುಟ್ಟಬೇಡಿ. ಒಂದೇ ಸಲ ಮೂರು ಬದಲಾಯಿಸಿದರೆ ಯಾವುದರಿಂದ ಏನಾಯ್ತು ಅಂತ ಗೊತ್ತೇ ಆಗಲ್ಲ. ಆರ್ಡರ್‌ಗೂ ಇದು ಅನುಕೂಲ. 6 ಇಂಚಿನ ಟಿನ್ನಿನ ಲೆಕ್ಕವನ್ನ ಅದೇ ಎತ್ತರದ 8 ಇಂಚಿನದಕ್ಕೆ ಏರಿಸಬೇಕಾದರೆ ಎಲ್ಲವನ್ನೂ 1.8ರಿಂದ ಗುಣಿಸಿದರೆ ಆಯ್ತು. 180 ಗ್ರಾಂ ಮೈದಾ 324 ಆಗುತ್ತೆ. ಒಂದೂವರೆ ಕಪ್ಪನ್ನ ಹಾಗೆ ಗುಣಿಸಿ ಅಳೆಯೋದು ಎಷ್ಟು ಕಷ್ಟ ನೋಡಿ.

ಕೊನೆಗೆ ಅತ್ತೆಯ ಪ್ರಶ್ನೆ. ಗ್ರಾಂನಿಂದ ಕಪ್‌ಗೆ ಬರೋಕೆ ಅದೇ ಅಂಕಿಗಳಿಂದ ಭಾಗಿಸಿ. ಮೈದಾ, ಸಕ್ಕರೆ, ಬೆಣ್ಣೆ, ಮೊಟ್ಟೆ ನಾಲ್ಕೂ 250 ಗ್ರಾಂ ಇರೋ ಹಳೇ ಕೇಕ್ ಒಂದಿದೆಯಲ್ಲ, ಅದನ್ನೇ ತಗೊಳ್ಳಿ. ಮೈದಾ ಎರಡು ಕಪ್, ಮೇಲೆ ಒಂದು ಟೇಬಲ್ ಚಮಚ ಮತ್ತೆ ಒಂಚೂರು. ಸಕ್ಕರೆ ಒಂದೂಕಾಲು ಕಪ್. ಮೊಟ್ಟೆ ಒಡೆದು ಅಳೆದರೆ ಒಂದು ಕಪ್. ಬೆಣ್ಣೆಯನ್ನ ಕಪ್‌ಗೆ ತುರುಕೋದು ಬೇಡ, 500 ಗ್ರಾಂ ಪ್ಯಾಕೆಟ್ ತಂದು ಚಾಕುವಿನಿಂದ ಸರಿ ಅರ್ಧ ಕತ್ತರಿಸಿ. ಅತ್ತೆಗೆ ಪಾವೇ ಕೈಗೆ ಒಗ್ಗಿದ್ದರೆ ಕಪ್ಪೂ ಬೇಕಿಲ್ಲ. ಮನೆಯಲ್ಲಿರೋ ಪಾವನ್ನ ಸ್ಕೇಲ್ ಮೇಲಿಟ್ಟು, ಅವರ ಕೈಯಿಂದಲೇ ಮೈದಾ ಒಂದು ಸಲ, ಸಕ್ಕರೆ ಒಂದು ಸಲ ಮಟ್ಟಸವಾಗಿ ತುಂಬಿಸಿ ತೂಗಿ. ಬಂದ ಎರಡು ಅಂಕಿಯನ್ನ ಮೈದಾ ಡಬ್ಬಿಯ ಮುಚ್ಚಳದ ಮೇಲೊಂದು, ಸಕ್ಕರೆ ಡಬ್ಬಿಯ ಮುಚ್ಚಳದ ಮೇಲೊಂದು ಚೀಟಿ ಅಂಟಿಸಿ ಬರೆದಿಡಿ.